ಜೀನು ಯಾರ ಅಳತೆಗೆ?

ಕಳೆದ ಚಳಿಗಾಲದ ಒಂದು ಸಂಜೆ ಬೆಂಗಳೂರಿನ ಓಕಳಿಪುರಂ ಅಂಡರ್‌ಪಾಸಿನ ಬಳಿ ಮದುವೆ ಮೆರವಣಿಗೆಯೊಂದು ಟ್ರಾಫಿಕ್ಕಿಗೆ ಸಿಕ್ಕಿಕೊಂಡು ನಿಂತಿತ್ತು. ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಟೀ ಕುಡಿಯುತ್ತಿದ್ದರು. ಮದುಮಗ ಕುದುರೆಯಿಂದಿಳಿದು ಯಾರಿಗೋ ಫೋನಿನಲ್ಲಿ ದಾರಿ ಹೇಳುತ್ತಿದ್ದ. ಕುದುರೆ ನೋಡಿಕೊಳ್ಳುವ ಹುಡುಗ ಸಿಕ್ಕಿದ್ದೇ ಸಮಯವೆಂದು ಜರಿಯ ಹೊದಿಕೆ ಮಡಚಿ, ಹೊಟ್ಟೆಪಟ್ಟಿ ಸಡಿಲಿಸಿ, ಜೀನನ್ನು ಒಂದಿಷ್ಟು ಎತ್ತಿ ಗಾಳಿಯಾಡಿಸಿದ. ಕಂದು ಬಣ್ಣದ ಕುದುರೆ. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಏಣಿನ ಹಾಗೆ ಎದ್ದಿರುತ್ತದಲ್ಲ, ಅದರ ಎಡಕ್ಕೊಂದು ಬಲಕ್ಕೊಂದು ಅಂಗೈಯಗಲದ ಬಿಳಿ ಮಚ್ಚೆ, ಅಳತೆ ಹಿಡಿದು ಬಳಿದಂತೆ. ಪಕ್ಕದ ಸ್ಕೂಟರಿನಲ್ಲಿದ್ದ ಹೆಂಗಸೊಬ್ಬರು ಮಗುವಿಗೆ ತೋರಿಸಿ, "ನೋಡೋ ಪುಟ್ಟ, ಮಚ್ಚೆ ಎಷ್ಟು ಚೆನ್ನಾಗಿದೆ" ಎಂದರು.

ಅದು ಹುಟ್ಟುಮಚ್ಚೆಯಲ್ಲ. ಸರಿಯಾಗಿ ಕೂರದ ಜೀನು ಒಂದೇ ಜಾಗವನ್ನು ವಾರಗಟ್ಟಲೆ ಒತ್ತುತ್ತಿದ್ದರೆ ಅಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಕೂದಲಿನ ಬುಡದಲ್ಲಿ ಬಣ್ಣ ಕೊಡುವ ಜೀವಕೋಶಗಳು ಸಾಯುತ್ತವೆ. ಗಾಯ ಮಾಯ್ದ ಮೇಲೂ ಅಲ್ಲಿ ಹುಟ್ಟುವ ಕೂದಲು ಬಿಳಿಯೇ. ಕುದುರೆ ವ್ಯಾಪಾರ ಬಲ್ಲವರು ಹಲ್ಲಿನ ಜೊತೆಗೆ ಈ ಮಚ್ಚೆಯನ್ನೂ ನೋಡುತ್ತಾರೆ. ಹಲ್ಲು ವಯಸ್ಸು ಹೇಳಿದರೆ ಇದು ಕುದುರೆಯ ಹಳೆಯ ಯಜಮಾನರ ಕತೆ ಹೇಳುತ್ತದೆ.

"ಈ ಜೀನು ಇದೇ ಕುದುರೆದಾ?" ಎಂದು ಹುಡುಗನನ್ನು ಕೇಳಿದೆ.

"ಎಲ್ಲಾದಕ್ಕೂ ಇದೇ ಸಾರ್. ನಾಲ್ಕು ಕುದುರೆ, ಎರಡು ಜೀನು" ಎಂದ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎನ್ನುವ ಧಾಟಿ.

ಅವನನ್ನು ಬೈಯುವ ಯೋಗ್ಯತೆ ನನಗೂ ಇರಲಿಲ್ಲ. ಅದಕ್ಕೆ ಒಂದು ವರ್ಷದ ಹಿಂದಿನವರೆಗೆ ಜೀನು ಎಂದರೆ ಕುದುರೆಯ ಮೇಲೆ ಹಾಕುವ ಕುರ್ಚಿ ಎಂದೇ ನಾನೂ ತಿಳಿದಿದ್ದೆ. ಕೂರುವವನಿಗೆ ಮೆತ್ತಗಿದ್ದರೆ ಆಯಿತು, ಬಾಕಿಯದು ಕುದುರೆಯ ಹಣೆಬರಹ. ಈ ತಿಳಿವಳಿಕೆ ಕೆಟ್ಟದ್ದು ನನ್ನ ಅಕ್ಕನ ಮಗಳಿಂದ. ಆ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ವಿಚಾರ. ಜೀನು ಪಾರಸಿಯಿಂದ ಬಂದ ಮಾತು. ಕನ್ನಡದ ಹಳೆಯ ಮಾತು ಪಲ್ಲಣ, ಆಮೇಲೆ ಅದು ಹಲ್ಲಣವಾಯಿತು. ಕೊಟ್ಟ ಕುದುರೆಯನ್ನು ಏರಲು ಬಾರದವರು ಹಲ್ಲಣವನ್ನು ತಾವೇ ಹೊತ್ತು ಬಳಲುವ ಚಿತ್ರ ಅಲ್ಲಮಪ್ರಭುವಿನ ಒಂದು ವಚನದಲ್ಲಿದೆ. 12ನೇ ಶತಮಾನದ ಕೇಳುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ, ನಮಗೆ ನಿಘಂಟು ಬೇಕು. ಕಾಲಿಡುವ ಬಳೆಗೆ ಅಂಕವಣೆ ಎಂಬ ಹೆಸರಿತ್ತು, ಈಗ ರಿಕಾಬು. ಹೊಸ ಮಾತಿನ ಜೊತೆ ಹೊಸ ಕಸುಬುದಾರರೂ ಬಂದರು. ಜೀನು ಮಾಡುವವರು ಜೀನಗಾರರು. ಉತ್ತರ ಕರ್ನಾಟಕದ ಊರುಗಳಲ್ಲಿ ಆ ಹೆಸರಿನ ಸಮುದಾಯ ಈಗಲೂ ಇದೆ. ಸೈನ್ಯಗಳು ಕರಗಿ ಕುದುರೆಗಳು ಕಡಿಮೆಯಾದಂತೆ ಅವರ ಕೈ ಮರದ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ತಿರುಗಿತು. ಹೆಸರಿನಲ್ಲಿ ಮಾತ್ರ ಕುದುರೆ ಉಳಿಯಿತು.

ಈಗ ಜೀನಿನ ತೊಡಕು ಏನೆಂದು ನೋಡೋಣ. ಒಂದು ಚಪ್ಪಲಿಯನ್ನು ಇಬ್ಬರು ಒಟ್ಟಿಗೆ ಹಾಕಿಕೊಳ್ಳಬೇಕು ಎಂದಿಟ್ಟುಕೊಳ್ಳಿ. ಮೇಲ್ಭಾಗ ಒಬ್ಬರ ಕಾಲಿಗೆ ಹಿಡಿಯಬೇಕು, ಅಟ್ಟೆ ಇನ್ನೊಬ್ಬರ ಕಾಲಿಗೆ. ಇಬ್ಬರಲ್ಲಿ ಒಬ್ಬರು 450 ಕಿಲೋ, ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಇನ್ನೊಬ್ಬರು 60 ಕಿಲೋ, ದುಡ್ಡು ಕೊಡುವವರು ಅವರೇ. ಅಂಗಡಿಯಲ್ಲಿ ಯಾರ ಅಳತೆಗೆ ಚಪ್ಪಲಿ ಹೊಲಿಯುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಕುದುರೆಯ ಬೆನ್ನು ನೋಡಲು ಮೇಜಿನಂತೆ ಸಪಾಟು, ಒಳಗೆ ಹಾಗಿಲ್ಲ. ಪಕ್ಕೆಲುಬುಗಳು 18 ಜೊತೆ. ಅವುಗಳ ಮೇಲೆ ಬೆನ್ನೆಲುಬಿನ ಸಾಲು, ಸಾಲಿನ ಇಕ್ಕೆಲದಲ್ಲಿ ಉದ್ದಕ್ಕೆ ಮಲಗಿದ ಮಾಂಸಖಂಡ. ಭಾರವೆಲ್ಲ ಈ ಮಾಂಸಖಂಡದ ಮೇಲೆ, ಪಕ್ಕೆಲುಬಿನ ಆಸರೆ ಇರುವಷ್ಟು ಜಾಗದಲ್ಲಿ ಮಾತ್ರ ಕೂರಬೇಕು. ಕೊನೆಯ ಪಕ್ಕೆಲುಬು ದಾಟಿದರೆ ಸೊಂಟ, ಅಲ್ಲಿ ಕೆಳಗಿನಿಂದ ಆಸರೆ ಇಲ್ಲ. ಹಿಂದಿನ ಗಡಿ ಅದು. ಮುಂದಿನ ಗಡಿ ಹೆಗಲೆಲುಬು, ಸ್ವಾರಸ್ಯವಿರುವುದೂ ಅಲ್ಲೇ. ನಮಗೆ ಕುತ್ತಿಗೆಯ ಕೆಳಗೆ ಎರಡು ಕಡೆ ಕೈಗೆ ಸಿಗುವ ಕಾಲರ್ ಬೋನ್ ಇದೆ, ತೋಳನ್ನು ಎದೆಗೂಡಿಗೆ ಅದು ಕಟ್ಟಿಹಾಕಿದೆ. ಕುದುರೆಗೆ ಅದೇ ಇಲ್ಲ. ಮುಂಗಾಲುಗಳೆರಡೂ ಮೈಗೆ ಅಂಟಿಕೊಂಡಿರುವುದು ಬರೀ ಮಾಂಸಖಂಡ, ಸ್ನಾಯುಗಳ ಜೋಲಿಯಿಂದ. ಕುದುರೆ ಮುಂಗಾಲು ಚಾಚಿದಾಗ ಹೆಗಲೆಲುಬಿನ ಮೇಲಿನ ತುದಿ ಹಿಂದಕ್ಕೆ ಜಾರುತ್ತದೆ, ಕಾಲು ಹಿಂದೆ ಹೋದಾಗ ಮುಂದಕ್ಕೆ. ಹೆಜ್ಜೆ ಹೆಜ್ಜೆಗೂ ಈ ಜಾರಾಟ. ನಿಂತ ಕುದುರೆಯ ಮೇಲೆ ಚೆನ್ನಾಗಿ ಕೂತ ಜೀನು ಓಡುವ ಕುದುರೆಯ ಹೆಗಲಿಗೆ ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಪಾಡು ತರಬಹುದು. ಮದುವೆ ಕುದುರೆಯ ಮಚ್ಚೆಗಳಿದ್ದದ್ದು ಸರಿಯಾಗಿ ಆ ಭಾಗದಲ್ಲೇ.

ಜೀನಿನ ಒಳಗೆ ಒಂದು ಎಲುಬುಗೂಡು ಇರುತ್ತದೆ, ಕಸುಬಿನವರು ಟ್ರೀ ಎನ್ನುತ್ತಾರೆ. ಹಿಂದೆ ಅದು ಮರದ್ದೇ, ಈಗ ಫೈಬರಿನದೂ ಉಂಟು. ಮುಂದೆ ಕಮಾನು, ಹಿಂದೆ ಕಮಾನು, ನಡುವೆ ಎರಡು ಪಟ್ಟಿ. ಅದರ ಕೆಳಗೆ ಉಣ್ಣೆ ತುಂಬಿದ ಎರಡು ಮೆತ್ತೆ, ಮೆತ್ತೆಗಳ ನಡುವೆ ಬೆನ್ನೆಲುಬಿಗೆ ತಾಗದಂತೆ ಕಾಲುವೆ. ಬೆನ್ನಿಗೂ ಜೀನಿಗೂ ನಡುವೆ ಹಾಸುವ ಬಟ್ಟೆಗೆ ಇಂಗ್ಲಿಷರು ನಮ್ನಾ ಎನ್ನುತ್ತಾರೆ. ಅದು ನಮ್ಮ ಕಡೆಯ ನಮ್ದಾ, ಒತ್ತಿದ ಉಣ್ಣೆಯ ಕಂಬಳಿ. ಹಡಗು ಹತ್ತಿ ಹೋಗಿ ಉಚ್ಚಾರ ಕೆಡಿಸಿಕೊಂಡು ಬಂದಿದೆ. ಟ್ರೀ ಅಗಲವೋ ಕಿರಿದೋ, ಬಾಗಿದೆಯೋ ನೆಟ್ಟಗಿದೆಯೋ ಎನ್ನುವುದು ಅರ್ಧ ಹಣೆಬರಹ. ಉಣ್ಣೆ ತುಂಬಿ ತೆಗೆದು ಒಂದಿಷ್ಟು ತಿದ್ದಬಹುದು, ಟ್ರೀಯನ್ನೇ ಉಣ್ಣೆಯಿಂದ ಬದಲಿಸಲಾಗದು.

ಅಕ್ಕನ ಮಗಳ ಕತೆಗೆ ಬರೋಣ. ಸಾಫ್ಟ್‌ವೇರಿನ ಹುಡುಗಿ, ವಯಸ್ಸು 27. ಭಾನುವಾರ ಬೆಳಿಗ್ಗೆ ಊರಾಚೆ ಕುದುರೆ ಸವಾರಿ ಕಲಿಯಲು ಹೋಗುತ್ತಾಳೆ. ರಿಕ್ಷಾ ಕಂಡರೆ ನಾಲ್ಕು ಹೆಜ್ಜೆ ನಡೆಯಲಾರದವಳನ್ನು ನಾವು ಮನೆಯಲ್ಲಿ "ಕುದುರೆ ಕಂಡ್ರೆ ಕಾಲು ನೋವು" ಎಂದು ರೇಗಿಸುತ್ತಿದ್ದೆವು. ನಿಜವಾದ ಕುದುರೆ ಹತ್ತಿದ ಮೇಲೆ ಗಾದೆಯೇ ನಿಜವಾಯಿತು. ಮಂಡಿ ನೋವು, ಸೊಂಟ ನೋವು. ಹೇಳಿಕೊಡುವವರು ಮೂರು ತಿಂಗಳು ಒಂದೇ ಮಂತ್ರ ಹೇಳಿದರಂತೆ: ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ. ಇವಳು ಎಷ್ಟು ಹೆಣಗಿದರೂ ಮುಂದಕ್ಕೇ ವಾಲುತ್ತಿದ್ದಳು. ಕುದುರೆ ಬೇರೆ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದೆ ಮಡಚಿ ಕಚ್ಚಲು ಬರುತ್ತಿತ್ತು. ರೇಸಿನಿಂದ ನಿವೃತ್ತವಾದ ಕುದುರೆ, ಸಿಡುಕು ಸ್ವಭಾವ ಎಂದು ಅದಕ್ಕೊಂದು ಜಾತಕ ಬರೆದಿಟ್ಟಿದ್ದರು.

ಸಹೋದ್ಯೋಗಿಯೊಬ್ಬರ ಮೂಲಕ ಅವಳಿಗೆ ಸೈನ್ಯದಲ್ಲಿ ಜೀನು ಹೊಲಿಯುವ ಕೆಲಸ ಮಾಡಿ ನಿವೃತ್ತರಾದವರೊಬ್ಬರ ಪರಿಚಯವಾಯಿತು. ಧಾರವಾಡದ ಕಡೆಯವರು. "ಮಾಮ, ನೀನೂ ಬಾ, ಅವರ ಕನ್ನಡ ನನಗೆ ಅರ್ಧ ಅರ್ಥ ಆಗಲ್ಲ" ಎಂದು ನನ್ನನ್ನು ಎಳೆದುಕೊಂಡು ಹೋದಳು. ಹಿಂದಿನ ದಿನ ಅವೆನ್ಯೂ ರಸ್ತೆಯಲ್ಲಿ ಡ್ರಾಯಿಂಗ್ ಸಾಮಾನಿನ ಅಂಗಡಿಗೆ ಹೋಗಿ, ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುವ ರಬ್ಬರು ಸ್ಕೇಲು ತರಲು ಅಪ್ಪಣೆಯಾಗಿತ್ತು. ಇಂಜಿನಿಯರಿಂಗ್ ಹುಡುಗರು ವಕ್ರರೇಖೆ ಎಳೆಯಲು ಬಳಸುತ್ತಾರಲ್ಲ, ಅದು. ಜೊತೆಗೆ ಒಂದು ಡಬ್ಬಿ ಸೀಮೆಸುಣ್ಣ, ಒಂದು ಹಳೆ ರಟ್ಟಿನ ಪೆಟ್ಟಿಗೆ.

"ಜೀನ ಆಮ್ಯಾಲ ನೋಡೂಣ್ರಿ, ಮೊದಲ ಕುದರಿ ತೋರಸ್ರಿ" ಎಂದರು ಅವರು. ಬರಿಯ ಬೆನ್ನಿನ ಮೇಲೆ ಬೆರಳ ತುದಿಗಳನ್ನಿಟ್ಟು ಹೆಗಲಿನಿಂದ ಸೊಂಟದವರೆಗೆ ನಿಧಾನವಾಗಿ ಎಳೆದರು, ಎರಡೂ ಪಕ್ಕ, ಎರಡೆರಡು ಸಲ. ಹೆಗಲ ಹಿಂದೆ ಒಂದು ಜಾಗ ಬಂದೊಡನೆ ಚರ್ಮ ಅದುರಿತು, ಕುದುರೆ ಬೆನ್ನನ್ನೇ ಕೆಳಗಿಳಿಸಿಕೊಂಡಿತು. ಕೊನೆಯ ಪಕ್ಕೆಲುಬಿನ ಹತ್ತಿರ ಮತ್ತೆ ಹಾಗೇ. "ಸಿಡುಕ ಅಲ್ರೀ ಇದಕ್ಕ, ನೋವೈತಿ."

ಹೆಗಲೆಲುಬಿನ ಹಿಂದಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ. ಕೊನೆಯ ಪಕ್ಕೆಲುಬನ್ನು ಕೆಳಗಿನಿಂದ ಬೆರಳಲ್ಲಿ ಹಿಡಿದು ಮೇಲೆ ತಂದು ಅಲ್ಲೊಂದು ಗೆರೆ. ಈ ಎರಡು ಗೆರೆಗಳ ನಡುವೆ ಇರುವಷ್ಟೇ ಜೀನಿನ ಜಹಗೀರು. ಮೊದಲ ಗೆರೆಯಿಂದ ಎರಡು ಬೆರಳು ಹಿಂದೆ ರಬ್ಬರು ಸ್ಕೇಲನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿ, ಆ ಆಕಾರವನ್ನು ಕೆಡದಂತೆ ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಎಳೆದರು. ನಡುವೆ ಒಂದು, ಹಿಂದೆ ಒಂದು, ಆಮೇಲೆ ಬೆನ್ನಿನ ಉದ್ದಕ್ಕೆ ಒಂದು. ರಟ್ಟು ಕತ್ತರಿಸಿದಾಗ ಕುದುರೆಯ ಬೆನ್ನು ನಾಲ್ಕು ತುಂಡಾಗಿ ನಮ್ಮ ಕೈಯಲ್ಲಿತ್ತು. ಬ್ಲೌಸಿಗೆ ಅಳತೆ ಕೊಡುವುದು ಇದಕ್ಕಿಂತ ಕಷ್ಟ.

ಆಮೇಲೆ ಜೀನಿನ ಮೆತ್ತೆಗಳಿಗೆ ಸೀಮೆಸುಣ್ಣದ ಪುಡಿ ಉಜ್ಜಿದರು. ಕೆಳಗೆ ಬಟ್ಟೆ ಹಾಕದೆ ಜೀನನ್ನು ತುಸು ಮುಂದೆ ಇಟ್ಟು, ಕೂದಲು ಮಲಗುವ ದಿಕ್ಕಿಗೆ ಹಿಂದಕ್ಕೆ ಸರಿಸಿ, ತಾನಾಗಿ ನಿಂತ ಕಡೆ ಬಿಟ್ಟು, ಎರಡು ಕೈಯಲ್ಲಿ ಅದುಮಿ, ಅಲುಗಿಸದೆ ಮೇಲೆತ್ತಿದರು. ಕಂದು ಬೆನ್ನಿನ ಮೇಲೆ ಬಿಳಿ ಗುರುತುಗಳು ಮೂಡಿದ್ದವು: ಮುಂದೆ ಎರಡು, ಹಿಂದೆ ಎರಡು. ನಡುವೆ ಪುಡಿಯ ಸುಳಿವಿಲ್ಲ. ಜೀನು ಬೆನ್ನಿನ ಮೇಲೆ ಹರಡಿ ಕೂತಿರಲಿಲ್ಲ, ಮಂಚದಂತೆ ನಾಲ್ಕು ಕಾಲೂರಿ ನಿಂತಿತ್ತು. ಕುದುರೆಯ ಬೆನ್ನು ನಡುವೆ ತಗ್ಗಿದೆ, ಜೀನಿನ ಟ್ರೀ ನೆಟ್ಟಗಿದೆ. ಇಡೀ ಬೆನ್ನು ಹೊರಬೇಕಾದ ಭಾರ ನಾಲ್ಕು ಅಂಗೈಯಷ್ಟು ಜಾಗಕ್ಕೆ ಬೀಳುತ್ತಿತ್ತು. ಓಡಿಸಿ ಬಂದ ಕುದುರೆಯ ಬೆವರೂ ಇದನ್ನೇ ಹೇಳುತ್ತದಂತೆ. ಜೀನು ತೆಗೆದಾಗ ಒದ್ದೆ ಬೆನ್ನಿನಲ್ಲಿ ಅಲ್ಲಲ್ಲಿ ಒಣ ತೇಪೆ ಕಂಡರೆ ಒಂದೋ ಅಲ್ಲಿ ಜೀನು ತಾಗಿಯೇ ಇಲ್ಲ, ಇಲ್ಲವೇ ಬೆವರೂ ಹೊರಡದಷ್ಟು ಒತ್ತಿದೆ. ಎರಡನ್ನೂ ಕೈಯಿಂದ ಮುಟ್ಟಿ ಬೇರೆ ಮಾಡಬೇಕು.

"ಮೆತ್ತಗಿನ ಪ್ಯಾಡ್ ಹಾಕಿದರೆ ಸರಿಹೋಗಲ್ವಾ ಸರ್?" ಎಂದು ಕೇಳಿದಳು ಇವಳು. ಆನ್‌ಲೈನಿನಲ್ಲಿ ಆಗಲೇ ಒಂದು ನೋಡಿಟ್ಟಿದ್ದಳು.

"ಬೂಟ ಬಿಗಿ ಆತಂದ್ರ ಎರಡ ಕಾಲಚೀಲ ಹಾಕ್ಕೋತಿ ಏನವಾ ತಂಗಿ?"

ಕುದುರೆಯ ಲೆಕ್ಕ ಮುಗಿಸಿ ಅವಳನ್ನು ಹತ್ತಿಸಿದರು, ನೆಲದಿಂದ ಅಲ್ಲ, ಒಂದು ಮೆಟ್ಟಿಲು ಇಟ್ಟು. ನಾವೆಲ್ಲ ಸಿನಿಮಾದಲ್ಲಿ ನೋಡಿದ ಹಾಗೆ ಎಡ ರಿಕಾಬಿಗೆ ಕಾಲು ಕೊಟ್ಟು ಹಾರುತ್ತೇವಲ್ಲ, ಆಗ ಪೂರ್ತಿ ಮೈಭಾರ ಒಂದೇ ಪಕ್ಕಕ್ಕೆ ಜಗ್ಗುತ್ತದೆ. ಜೀನು ಹೊರಳಿ ಬೆನ್ನಿನ ಮುಂತುದಿಯ ಏಣನ್ನು ತಿರುಚುತ್ತದೆ, ದಿನಾ ಹೀಗೇ ಆದರೆ ಟ್ರೀಯೇ ಸೊಟ್ಟಗಾಗುತ್ತದೆ. ಎಡದಿಂದಲೇ ಹತ್ತುವ ರೂಢಿ ಬಂದದ್ದು ಎಡ ಸೊಂಟಕ್ಕೆ ಕತ್ತಿ ತೂಗಿಕೊಂಡ ಕಾಲದಿಂದ. ಕತ್ತಿ ಹೋಗಿ ಲ್ಯಾಪ್‌ಟಾಪ್ ಬಂದರೂ ನಾವು ಇನ್ನೂ ಅದೇ ಪಕ್ಕದಿಂದ ಹತ್ತುತ್ತಿದ್ದೇವೆ.

ಅವಳು ಕೂತ ಮೇಲೆ ಎರಡನೆಯ ತಪ್ಪು ಬಯಲಾಯಿತು. ಸವಾರನ ಹಿಂಭಾಗಕ್ಕೂ ಜೀನಿನ ಹಿಂದಿನ ಏರಿಗೂ ನಡುವೆ ಸುಮಾರು ಒಂದು ಅಂಗೈ ಜಾಗ ಉಳಿಯಬೇಕು. ಇವಳಿಗೆ ಎರಡು ಬೆರಳೂ ಉಳಿದಿರಲಿಲ್ಲ. ಕೂರುವ ಜಾಗದ ಉದ್ದವನ್ನು ಇಂಚಿನಲ್ಲಿ ಅಳೆಯುತ್ತಾರೆ, ದೊಡ್ಡವರಿಗೆ ಸಾಮಾನ್ಯವಾಗಿ 16ರಿಂದ 18. ಇವಳ ಉದ್ದ ತೊಡೆಗೆ ಆ ಜೀನು ಒಂದು ಇಂಚು ಚಿಕ್ಕದು. ಮೇಲಾಗಿ ರಿಕಾಬು ತೂಗುವ ಕೊಂಡಿ ಇವಳಿಗೆ ತೀರಾ ಮುಂದಿತ್ತು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರಬೇಕು ಎನ್ನುವುದು ಸವಾರಿಯ ಮೊದಲ ಪಾಠ. ಕೊಂಡಿ ಮುಂದಿದ್ದರೆ ಕಾಲು ಮುಂದಕ್ಕೆ ಹೋಗುತ್ತದೆ, ಕಾಲು ಹಿಂದೆ ತಂದರೆ ಎದೆ ಮುಂದಕ್ಕೆ ಬೀಳುತ್ತದೆ. ಮೂರು ತಿಂಗಳು ಬೈಸಿಕೊಂಡದ್ದು ಇದಕ್ಕೆ. ಅವಳು ಮುಂದೆ ಬಿದ್ದಾಗಲೆಲ್ಲ ಜೀನಿನ ಮುಂದಿನ ಕಮಾನು ಕುದುರೆಯ ಹೆಗಲನ್ನು ಚುಚ್ಚಿದೆ, ಕುದುರೆ ಬೆನ್ನು ತಗ್ಗಿಸಿದೆ, ಬೆನ್ನು ತಗ್ಗಿದಷ್ಟೂ ಜೀನು ಇನ್ನಷ್ಟು ಮಂಚವಾಗಿದೆ, ಇವಳು ಮತ್ತಷ್ಟು ಮುಂದೆ ಬಿದ್ದಿದ್ದಾಳೆ. ನನಗೆ ಹೊಸದಾಗಿ ಹೊಳೆದದ್ದು ಇದೇ. ಕುದುರೆಗೆ ಹಿಡಿಯುವ ಜೀನು, ಸವಾರನಿಗೆ ಹಿಡಿಯುವ ಜೀನು ಎಂದು ಎರಡು ಪ್ರಶ್ನೆ ಇಲ್ಲ. ಸವಾರನಿಗೆ ಹಿಡಿಯದ ಜೀನಿನ ದಂಡವನ್ನೂ ಕೊನೆಗೆ ಕುದುರೆಯ ಬೆನ್ನೇ ಕಟ್ಟುತ್ತದೆ.

ಹೊಳೆದದ್ದು ಹೊಸದಲ್ಲ ಎಂದು ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು. ನಾನು ಚಿಕ್ಕವನಿದ್ದಾಗ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾಗಳು ನಿಲ್ಲುತ್ತಿದ್ದವು. ನಮ್ಮನ್ನು ಮಲ್ಲೇಶ್ವರದ ಅಜ್ಜಿ ಮನೆಗೆ ಕರೆದೊಯ್ಯುತ್ತಿದ್ದ ಸಾಬರು ಏರು ಬಂದರೆ "ಮುಂದೆ ಬನ್ನಿ ತಾಯಿ, ಮುಂದೆ ಬನ್ನಿ" ಎನ್ನುತ್ತಿದ್ದರು, ಇಳಿಜಾರು ಬಂದರೆ "ಸ್ವಲ್ಪ ಹಿಂದಕ್ಕೆ, ಹಿಂದಕ್ಕೆ". ಅಮ್ಮನಿಗೆ ಸಿಟ್ಟು. ದುಡ್ಡು ಕೊಟ್ಟು ಕೂತ ಮೇಲೂ ಕವಾಯತು ಎಂದು ಗೊಣಗುತ್ತಿದ್ದಳು. ಜಟಕಾಕ್ಕೆ ಇರುವುದು ಎರಡೇ ಗಾಲಿ. ಮೂಕಿಗಳೆರಡೂ ಕುದುರೆಯ ಬೆನ್ನಿನ ಮೇಲಿನ ಸಣ್ಣ ಮೆತ್ತೆಯ ಆಸರೆಯಲ್ಲಿ ನಿಂತಿರುತ್ತವೆ, ಅದೂ ಒಂದು ಬಗೆಯ ಜೀನೇ. ಏರಿನಲ್ಲಿ ಭಾರ ಹಿಂದೆ ಸರಿದರೆ ಮೂಕಿ ಮೇಲೇಳುತ್ತದೆ, ಹೊಟ್ಟೆಪಟ್ಟಿ ಕುದುರೆಯನ್ನು ಎತ್ತಿ ಹಿಡಿದಂತಾಗುತ್ತದೆ. ಇಳಿಜಾರಿನಲ್ಲಿ ಭಾರ ಮುಂದೆ ಬಂದರೆ ಅಷ್ಟೂ ಬೆನ್ನಿನ ಮೇಲೆ. ಸಾಬರಿಗೆ ಹೊಸ ಜೀನು ಕೊಳ್ಳುವ ತಾಕತ್ತಿರಲಿಲ್ಲ, ಆದ್ದರಿಂದ ಸವಾರರನ್ನೇ ಸರಿಸಿ ಸರಿಸಿ ಅಳತೆಗೆ ತರುತ್ತಿದ್ದರು. ಜಟಕಾ ಎಂದೊಡನೆ, ಬದುಕು ಜಟಕಾ ಬಂಡಿ, ವಿಧಿ ಅದರ ಸಾಹೇಬ ಎನ್ನುವ ಡಿವಿಜಿಯವರ ಕಗ್ಗ ನಾಲಿಗೆಗೆ ಬರುವುದು ಸಹಜ. ಬೆಂಗಳೂರಿಗೆ ಬಂದ ಹೊಸತರಲ್ಲಿ ಜಟಕಾಗಳಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಅವರು. ಈ ಬರಹದಲ್ಲಿ ವಿಧಿಯನ್ನು ಬದಿಗಿಟ್ಟು ಬೆನ್ನಿನ ಮಾತಷ್ಟೇ ಆಡೋಣ.

ಜೀನಿನ ಮೇಲೆ ಅತಿ ಹೆಚ್ಚು ತಲೆ ಕೆಡಿಸಿಕೊಂಡವರು ಸೈನ್ಯದವರು. ಬೆನ್ನು ಹುಣ್ಣಾದ ಕುದುರೆ ಎಂದರೆ ಕಾಲ್ನಡಿಗೆಗೆ ಇಳಿದ ಸಿಪಾಯಿ. ಸಾವಿರಾರು ಕುದುರೆಗಳಿಗೆ ಒಂದೊಂದಾಗಿ ಅಳತೆ ತೆಗೆಯಲು ಆಗುವುದಿಲ್ಲ. ಬ್ರಿಟಿಷ್ ಸೈನ್ಯ ಈ ಗಂಟಿಗೆ ಕಂಡುಕೊಂಡ ಉಪಾಯ 1912ರ ಮಾದರಿಯ ಜೀನು. ಅದರ ಎರಡು ಮರದ ಪಟ್ಟಿಗಳನ್ನು ಕಮಾನಿಗೆ ಬಿಗಿಯಾಗಿ ಜಡಿಯದೆ, ಬೆನ್ನಿನ ಇಳಿಜಾರಿಗೆ ತಕ್ಕಂತೆ ತಾವೇ ವಾಲುವ ಹಾಗೆ ಕೀಲಿನ ಮೇಲೆ ಕೂರಿಸಿದರು. ಕೆಳಗೆ ಮಡಚಿದ ಕಂಬಳಿ. ಮೇವು ಸಾಲದೆ ಕುದುರೆ ಸೊರಗಿದರೆ ಕಂಬಳಿಗೆ ಇನ್ನೊಂದು ಮಡಿಕೆ. ಆಮೇಲೆ ಬಂದದ್ದು ಮೊದಲನೇ ಮಹಾಯುದ್ಧ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಅಶ್ವಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ನಮಗೆಲ್ಲ ಗೊತ್ತು. ಜೆ.ಸಿ. ನಗರದ ಕಡೆ ಅವರ ಸ್ಮಾರಕವೂ ಇದೆ. ಆ ದಂಡಯಾತ್ರೆಯಲ್ಲಿ ಸವಾರ, ಆಯುಧ, ಮೇವು, ನೀರು ಎಲ್ಲ ಸೇರಿ ಒಂದು ಕುದುರೆಯ ಮೇಲೆ ನೂರು ಕಿಲೋ ದಾಟಿದ ಹೊರೆ. ಭರ್ಜಿ ಹಿಡಿದ ಕೈಗಳನ್ನು ನಾವು ನೆನೆಯುತ್ತೇವೆ. ಅಲ್ಲಿಯವರೆಗೆ ನಡೆದ ಬೆನ್ನುಗಳನ್ನು ಹುಣ್ಣಾಗದಂತೆ ಉಳಿಸಿದ ಸಯಿಸರ, ಜೀನು ಹೊಲಿಯುವವರ ಹೆಸರು ಕಲ್ಲಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. 1953ರಲ್ಲಿ 61ನೇ ಕ್ಯಾವಲ್ರಿ ಹುಟ್ಟಿದಾಗ ಮೈಸೂರಿನ ಸವಾರರೂ ಅದರಲ್ಲಿ ಸೇರಿಹೋದರು.

ನಮ್ಮ ಓಕಳಿಪುರಂನಿಂದ ರೇಸ್‌ಕೋರ್ಸ್ ರಸ್ತೆ ದೂರವಲ್ಲ. ಅಲ್ಲಿನ ಜೀನಿನದು ಬೇರೆಯೇ ನ್ಯಾಯ. ರೇಸಿನ ಜೀನು ಕೈಯಲ್ಲಿ ಹಿಡಿದರೆ ಮಕ್ಕಳ ಸ್ಕೂಲ್ ಬ್ಯಾಗಿಗಿಂತ ಹಗುರ, ಎಷ್ಟೋ ಜೀನುಗಳು ಒಂದು ಕಿಲೋ ಕೂಡ ತೂಗುವುದಿಲ್ಲ. ಕಾರಣ, ಜಾಕಿಯನ್ನು ತೂಕಕ್ಕೆ ನಿಲ್ಲಿಸುವಾಗ ಜೀನೂ ಅವನ ಲೆಕ್ಕಕ್ಕೇ ಸೇರುತ್ತದೆ. ಕಡಿಮೆ ಬಿದ್ದರೆ ಸೀಸದ ತುಂಡು ತುಂಬುತ್ತಾರೆ, ಹೆಚ್ಚು ಬಿದ್ದರೆ ಮಾಡುವುದೇನಿಲ್ಲ. ಜಾಕಿ ಅದರ ಮೇಲೆ ಕೂರುವುದೂ ಇಲ್ಲ, ಗಿಡ್ಡ ರಿಕಾಬಿನಲ್ಲಿ ಮಂಡಿ ಮಡಚಿ ಗಾಳಿಯಲ್ಲಿ ತೂಗುತ್ತಾನೆ. ಅಮೆರಿಕದ ಟಾಡ್ ಸ್ಲೋನ್ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ ಹೀಗೆ ಕುಕ್ಕರಿಸಿ ಓಡಿಸಿದಾಗ ಜನ ಕಡ್ಡಿಯ ಮೇಲಿನ ಕೋತಿ ಎಂದು ನಕ್ಕರು, ಅವನು ಗೆಲ್ಲಲು ಶುರು ಮಾಡಿದ ಮೇಲೆ ಎಲ್ಲರೂ ಕುಕ್ಕರಿಸಿದರು. ಒಂದೆರಡು ನಿಮಿಷದ ಓಟ, ಬೆನ್ನಿಗೆ ಭಾರ ತಾಗುವುದೇ ಕಡಿಮೆ. ತೊಂದರೆ ಶುರುವಾಗುವುದು ಓಟ ಮುಗಿದ ಮೇಲಿನ ಬದುಕಿನಲ್ಲಿ. ರೇಸಿನ ಥರೋಬ್ರೆಡ್ ತಳಿಗೆ ಏಣು ಎತ್ತರ, ಮೈ ತೆಳು. ನಿವೃತ್ತಿಯಾದ ಮೇಲೆ ಬೆನ್ನಿನ ಮಾಂಸ ಕರಗಿ ಏಣಿನ ಎರಡೂ ಪಕ್ಕ ಗುಳಿ ಬೀಳುತ್ತದೆ. ಅಂಥ ಕುದುರೆ ಸವಾರಿ ಶಾಲೆಗೋ ಮದುವೆ ಮೆರವಣಿಗೆಗೋ ಬಂದು, ಅದರ ಮೇಲೆ ಬೇರೆ ಯಾವುದೋ ಕುದುರೆಗೆ ಹೊಲಿದ ಜೀನು ಬೀಳುತ್ತದೆ.

ದುಡ್ಡಿರುವ ಕಡೆ ಹೇಗೆ ಎಂದು ನೋಡಬೇಕಾದರೆ ನಮ್ಮೂರಿನ ಕುದುರೆ ಸವಾರ ಫವಾದ್ ಮಿರ್ಜಾ ಇದ್ದಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಅವರ ಸ್ಪರ್ಧೆಯಲ್ಲಿ ಮೂರು ಪರೀಕ್ಷೆ. ಮೊದಲು ನರ್ತನದಂಥ ನಡಿಗೆ, ಆಮೇಲೆ ಹಳ್ಳ ದಿಣ್ಣೆ ಹಾರುವ ದೂರದ ಓಟ, ಕೊನೆಗೆ ಅಂಗಳದಲ್ಲಿ ತಡೆ ಹಾರಿಕೆ. ಕುದುರೆ ಅದೇ, ಸವಾರ ಅವನೇ, ಜೀನು ಮಾತ್ರ ಬದಲು. ನಡಿಗೆಗೆ ಕಾಲು ಉದ್ದಕ್ಕೆ ಇಳಿಬಿಟ್ಟು ಆಳವಾಗಿ ಕೂರುವ ಜೀನು. ಹಾರುವಾಗ ರಿಕಾಬು ಗಿಡ್ಡ, ಮಂಡಿ ಮುಂದೆ, ಆದ್ದರಿಂದ ಪಕ್ಕದ ಚರ್ಮದ ಹಾಳೆಯೂ ಮುಂದಕ್ಕೆ ಚಾಚಿರುತ್ತದೆ. ಕೆಲಸ ಬದಲಾದರೆ ಅದೇ ಬೆನ್ನು, ಅದೇ ತೊಡೆ ಬೇರೆ ಆಕಾರ ಕೇಳುತ್ತವೆ. ಒಂದು ಕುದುರೆಗೆ ಮೂರು ಜೀನಿನ ಈ ಲೋಕಕ್ಕೂ ನಾಲ್ಕು ಕುದುರೆಗೆ ಎರಡು ಜೀನಿನ ಅಂಡರ್‌ಪಾಸಿನ ಲೋಕಕ್ಕೂ ನಡುವೆ ಒಂದೇ ಊರಿನ ಟ್ರಾಫಿಕ್ಕು.

ತೂಕದ ಮಾತೂ ಬಂತು, ಹೇಳಿಬಿಡುತ್ತೇನೆ. ಎಷ್ಟೇ ಚೆನ್ನಾಗಿ ಹಿಡಿದ ಜೀನಾದರೂ ಹೊರುವುದಕ್ಕೊಂದು ಮಿತಿಯಿದೆ. ಅಮೆರಿಕದ ಓಹಿಯೋದಲ್ಲಿ 8 ಕುದುರೆಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೈತೂಕದ ಶೇ. 20ರಷ್ಟು ಹೊರೆಯವರೆಗೆ ಕುದುರೆಗಳು ಹೆಚ್ಚು ದಣಿಯಲಿಲ್ಲ. ಶೇ. 25, 30ಕ್ಕೆ ಏರಿಸಿದಾಗ ಮಾಂಸಖಂಡಗಳ ನೋವು, ಬಿಗಿತ ಹೆಚ್ಚಿದ್ದು ಕಂಡಿತು. ಸವಾರ, ಜೀನು ಎಲ್ಲ ಕೂಡಿಸಿ ಈ ಲೆಕ್ಕ. ಮೆರವಣಿಗೆಯ ಸಣ್ಣ ಕುದುರೆ 300 ಕಿಲೋ ಇದ್ದರೆ ಅದರ ಪಾಲಿನದು 60 ಕಿಲೋ. ಮದುಮಗನೇ 80 ಇರುತ್ತಾನೆ. ಮುಂದೆ ಕೂರಿಸಿದ ಅಣ್ಣನ ಮಗ, ಪೇಟ, ಕತ್ತಿ, ಜರಿ, ಜೀನು ಎಲ್ಲ ಮೇಲಿನದು. ಅಳತೆಯ ಜೀನು ಹೊಲಿಸಿಕೊಟ್ಟರೂ ಈ ಲೆಕ್ಕ ತಾಳೆಯಾಗುವುದಿಲ್ಲ.

ಹೊಸ ಜೀನು ಬೇಕೆಂದರೆ ನಮ್ಮ ದೇಶದಲ್ಲಿ ದಾರಿ ಕಾನ್ಪುರಕ್ಕೇ ಹೋಗುತ್ತದೆ. ಬ್ರಿಟಿಷರು ಸೈನ್ಯದ ಜೀನು, ಸಾಜಿಗೆಂದು ಅಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರಿಗೆ ಊರೇ ಆ ಕಸುಬು ಕಲಿಯಿತು. ಮೈಸೂರು ಮಲ್ಲಿಗೆಗೆ ಇರುವಂಥದ್ದೇ ಜಿಐ ಗುರುತು ಈಗ ಕಾನ್ಪುರದ ಜೀನಿಗೂ ಇದೆ. ಇಂಗ್ಲೆಂಡಿನಲ್ಲಿ ಇದೇ ಕೀರ್ತಿ ವಾಲ್ಸಾಲ್ ಊರಿನದು, ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ಜೀನುಗಾರರು. ಕಾನ್ಪುರದ ಜೀನು ಹೊರದೇಶಗಳಿಗೂ ಹಡಗು ಹತ್ತುತ್ತದೆ. ಆದರೆ ಪೆಟ್ಟಿಗೆ ಬಿಚ್ಚಿ ತೆಗೆದ ಜೀನು ಅರ್ಧ ಕೆಲಸ ಮುಗಿದ ಜೀನು, ಉಳಿದರ್ಧ ಕುದುರೆಯ ಪಕ್ಕದಲ್ಲಿ ನಿಂತು ಮಾಡುವಂಥದ್ದು. ಅದೂ ಒಂದು ಸಲ ಮಾಡಿದರೆ ಸಾಲದು. ಕುದುರೆ ದಪ್ಪವಾಗುತ್ತದೆ, ಸೊರಗುತ್ತದೆ, ಕೆಲಸ ಕಲಿತು ಬೆನ್ನು ತುಂಬಿಕೊಳ್ಳುತ್ತದೆ, ಮುದಿಯಾಗಿ ಬೆನ್ನು ಜೋಲುತ್ತದೆ. ಒಳಗಿನ ಉಣ್ಣೆಯೂ ಹಳೆ ಹಾಸಿಗೆಯ ಹತ್ತಿಯಂತೆ ಗಂಟುಗಟ್ಟುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಆ ರಟ್ಟಿನ ತುಂಡುಗಳನ್ನು ಬೆನ್ನಿಗೆ ಹಿಡಿದು ನೋಡಬೇಕು. ಬೆಂಗಳೂರಿನಲ್ಲಿ ಜೀನು ಮಾರುವವರು ಸಿಗುತ್ತಾರೆ, ಹೀಗೆ ಪಕ್ಕ ನಿಂತು ಸೀಮೆಸುಣ್ಣ ಉಜ್ಜುವವರನ್ನು ಹುಡುಕಬೇಕು.

ನಮ್ಮ ಧಾರವಾಡದ ಯಜಮಾನರು ಆ ದಿನವೇ ಜೀನಿನ ಮೆತ್ತೆಯಲ್ಲಿ ಸಣ್ಣ ಸೀಳು ತೆಗೆದು, ಉದ್ದನೆಯ ಕಬ್ಬಿಣದ ಕಡ್ಡಿಯಿಂದ ನಡುಭಾಗಕ್ಕೆ ಉಣ್ಣೆ ತುಂಬಿಕೊಟ್ಟರು, ಚಿಟಿಕೆ ಚಿಟಿಕೆಯಾಗಿ, ಗಂಟು ಬೀಳದ ಹಾಗೆ ಬೆರಳಲ್ಲಿ ಬಿಡಿಸಿ ಬಿಡಿಸಿ. ಎರಡು ಗಂಟೆ ಹಿಡಿಯಿತು. ಇದು ತಾತ್ಪೂರ್ತಿಕ, ಬಾಗಿದ ಟ್ರೀಯ ಜೀನನ್ನೇ ನೋಡಿ ಎಂದರು. ಶಾಲೆಯವರು ತಿಂಗಳಾದ ಮೇಲೆ ಇನ್ನೊಂದು ಕುದುರೆಯ ಜೀನನ್ನು ಇದಕ್ಕೆ ಹೊಂದಿಸಿದರು. ಸೀಮೆಸುಣ್ಣದ ಗುರುತು ಈಗ ಉದ್ದಕ್ಕೂ ಹರಡಿ ಬೀಳುತ್ತಿದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಕಿವಿ ಮಡಚುವುದು ಪೂರ್ತಿ ನಿಂತಿಲ್ಲ, ಕಚ್ಚಲು ಬರುವುದು ನಿಂತಿದೆ. ಹಳೆಯ ನೋವಿನ ನೆನಪು ಅಷ್ಟು ಬೇಗ ಹೋಗದು ಎಂದು ಯಜಮಾನರು ಫೋನಿನಲ್ಲಿ ಹೇಳಿದರು.

ಹೊಸ ತಕರಾರು ಅಕ್ಕನ ಮಗಳದು. ಈ ಜೀನು ಕುದುರೆಗೆ ಅಗಲ ಬೇಕೆಂದು ಅಗಲವಾಗಿದೆ, ಕೂತರೆ ಅವಳ ತೊಡೆ ಎರಡೂ ಪಕ್ಕಕ್ಕೆ ಎಳೆದಂತಾಗುತ್ತದಂತೆ. ಕೆಳಗೆ ಅಗಲವಾಗಿದ್ದು ಕೂರುವ ಜಾಗದಲ್ಲಿ ನಡು ಸಣ್ಣಗಿರುವ ಜೀನುಗಳೂ ಬರುತ್ತವೆ, ಗಂಡಸರ ಅಳತೆಗೆ ಮಾಡಿದ ಹಳೆಯ ಜೀನುಗಳಲ್ಲಿ ಹೆಂಗಸರು ಪಡುವ ಪಾಡು ನೋಡಿ ಮಾಡಿದವು. ಅಂಥದ್ದೊಂದು ಸೆಕೆಂಡ್ ಹ್ಯಾಂಡಿನಲ್ಲಿ ಯಲಹಂಕದ ಕಡೆ ಇದೆ ಎಂದು ಯಾರೋ ಹೇಳಿದ್ದಾರೆ. ಶನಿವಾರ ನೋಡಲು ಹೋಗಬೇಕು. ಕುದುರೆಯ ಬೆನ್ನಿನ ನಾಲ್ಕು ರಟ್ಟುಗಳನ್ನು ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿ ಬಾಗಿಲ ಹಿಂದೆ ಇಟ್ಟಿದ್ದೇನೆ, ಮರೆತು ಹೋಗಬಾರದೆಂದು.